ಇಪ್ಪತ್ತೆರಡರ ಹಾಜರಿ

ಅಂದು ಬೆಳಿಗ್ಗೆ ಗಿಣಿ ಏಳು ಮಕ್ಕಳಾಗಬೇಕಿತ್ತು. ಅವಳ ಕಸುಬೇ ಅದು. ಪರದೆಯ ಮೇಲೆ ಯಾರೋ ಬಾಯಾಡಿಸುತ್ತಾರೆ, ಕತ್ತಲೆ ಕೋಣೆಯಲ್ಲಿ ಮೈಕಿನ ಮುಂದೆ ನಿಂತು ಇವಳು ಅವರಿಗೆ ಮಾತು ಕೊಡುತ್ತಾಳೆ. ಅಳುವ ಕೂಸು, ಗೊಣಗುವ ಅತ್ತೆ, ಮಾತಾಡುವ ನಾಯಿಮರಿ, ಯಾವುದನ್ನೂ ಒಲ್ಲೆ ಎಂದವಳಲ್ಲ. ನಲವತ್ತಾರು ವರ್ಷದ ಹೆಂಗಸಿನ ಗಂಟಲಿನಿಂದ ನಾಲ್ಕು ವರ್ಷದ ಹುಡುಗನ ಹಟ ಹೊರಡುವುದನ್ನು ಕೇಳಿ ಸ್ಟುಡಿಯೋಗೆ ಹೊಸದಾಗಿ ಬಂದವರು ಸುತ್ತಮುತ್ತ ಮಗುವನ್ನು ಹುಡುಕುತ್ತಿದ್ದರು. ಗಿಣಿ ಎಂಬ ಅಡ್ಡಹೆಸರು ಶಾಲೆಯಲ್ಲಿ ಅಂಟಿದ್ದು, ಇಲ್ಲಿಯವರೆಗೂ ಬೆನ್ನು ಬಿಟ್ಟಿರಲಿಲ್ಲ. ಒಂದೇ ಒಂದು ದನಿಯ ಮುಂದೆ ಮಾತ್ರ ಅವಳು ಸೋಲುತ್ತಿದ್ದಳು, ಅದು ಸಣ್ಣವಳಿದ್ದಾಗಿನ ತನ್ನದೇ ದನಿ. ಹನ್ನೊಂದು ವರ್ಷದ ಯಾರ ದನಿ ಬೇಕಾದರೂ ಬರುತ್ತಿತ್ತು, ತನ್ನದು ಎಷ್ಟು ತಿಣುಕಿದರೂ ಬರುತ್ತಿರಲಿಲ್ಲ.

ಅಂದಿನ ದೃಶ್ಯ ಒಂದು ತರಗತಿಯದು. ಮೇಷ್ಟ್ರು ಹಾಜರಿ ಕೂಗುತ್ತಾರೆ, ಏಳು ಮಕ್ಕಳು ಒಬ್ಬೊಬ್ಬರಾಗಿ 'ಹಾಜರ್ ಸಾರ್' ಎನ್ನುತ್ತಾರೆ. ಗಿಣಿ ಒಂದು ಗುಟುಕು ಬಿಸಿನೀರು ಕುಡಿದು, ಕಿವಿಗೆ ಹೆಡ್‌ಫೋನ್ ಏರಿಸಿ, ಏಳು ದನಿಗಳನ್ನೂ ಒಂದರ ಹಿಂದೊಂದು ಹೇಳಿ ಮುಗಿಸಿದಳು. ಗಾಜಿನ ಆಚೆ ಕೂತಿದ್ದ ರೆಕಾರ್ಡಿಸ್ಟ್ ಇಷ್ಟು ಹೊತ್ತಿಗೆ ಹೆಬ್ಬೆರಳು ಎತ್ತಿ ತೋರಿಸಬೇಕಿತ್ತು. ಅವನು ತಲೆ ಕೆರೆದುಕೊಳ್ಳುತ್ತಿದ್ದ.

"ಮೇಡಂ, ಏಳು ಹೇಳಿದ್ರಾ, ಎಂಟಾ?"

"ಏಳೇ. ಇರೋದೇ ಏಳು ಜನ ಅಲ್ವಾ."

"ಎಂಟು ಬಂದಿದೆ ನೋಡಿ."

ಅವನು ತಿರುಗಿ ಹಾಕಿದ. ಏಳು ದನಿಗಳೂ ಸರಿಯಾಗಿ ಬಂದವು. ಆಮೇಲೆ ಒಂದು ಉಸಿರಿನಷ್ಟು ಬಿಡುವು. ಅದಾದ ಮೇಲೆ, ಗೋಡೆಯ ಸಂದಿಯಿಂದ ಬಂದಂಥ ಸಣ್ಣ, ಜೀರಿಡುವ ದನಿ: "ಹಾಜರ್ ಟೀಚರ್."

ಬರೆದುಕೊಟ್ಟ ಹಾಳೆಯಲ್ಲಿ ಟೀಚರ್ ಎಂಬ ಮಾತೇ ಇರಲಿಲ್ಲ.

"ಚೆನ್ನಾಗಿದೆ ಮೇಡಂ. ಈ ದನಿ ಇಷ್ಟು ವರ್ಷ ಎಲ್ಲಿ ಬಚ್ಚಿಟ್ಟಿದ್ರಿ?"

"ಅಳಿಸಿಬಿಡಿ ಅದನ್ನ," ಎಂದಳು ಗಿಣಿ. ಎಸಿ ಹಾಕಿದ ಆ ಮುಚ್ಚಿದ ಕೋಣೆಯಲ್ಲಿ, ಆಗತಾನೇ ಇಸ್ತ್ರಿ ಮಾಡಿದ ಬಟ್ಟೆಯ ಬಿಸಿ ವಾಸನೆ ಬಂದು ಹೋಯಿತು. ನಿನ್ನೆ ಬಂದ ಫೋನಿನ ಫಲ ಇದು, ಗಂಟಲಿಗೆ ಹಳೆಯ ಅಭ್ಯಾಸ ನೆನಪಾಗಿ ತಾನಾಗಿಯೇ ಹೇಳಿಕೊಂಡಿರಬೇಕು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಹೇಳಿಕೊಂಡರೆ ಸಮಾಧಾನ ಆಗಿಬಿಡುತ್ತದೆಯೇ?

ಫೋನು ಮಾಡಿದವನು ಮಾನಿಟರ್. ಆರನೇ ತರಗತಿಯಲ್ಲಿ ಮಾನಿಟರ್ ಆಗಿದ್ದವನು. ಈಗ ಔಷಧಿ ಅಂಗಡಿ ಇಟ್ಟುಕೊಂಡು ಹೊಟ್ಟೆ ಬೆಳೆಸಿದ್ದರೂ ಯಜಮಾನಿಕೆ ಬಿಟ್ಟಿರಲಿಲ್ಲ.

"ಏ ಗಿಣಿ, ನಮ್ಮ ಹಳೇ ಕ್ಲಾಸಿನವರೆಲ್ಲ ಸೇರ್ತಿದೀವಿ, ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ. ಬರ್ತೀನಿ ಅಂದ್ಬಿಟ್ಟು ಕೈ ಕೊಡೋ ಹಾಗಿಲ್ಲ. ನಮ್ಮ ಆರನೇ ಕ್ಲಾಸಿನ ಕೋಣೆನೇ ಬಿಟ್ಟುಕೊಟ್ಟಿದಾರೆ. ಒಬ್ಬೊಬ್ರೂ ಎದ್ದು ಶಾಲೆ ಬಗ್ಗೆ ಎರಡು ಮಾತಾಡ್ಬೇಕು, ಟೀಚರ್‌ಗೆ ಥ್ಯಾಂಕ್ಸ್ ಹೇಳ್ಬೇಕು."

"ರೆಕಾರ್ಡಿಂಗ್ ಇದೆ ಕಣೋ."

"ಭಾನುವಾರನಾ? ಸುಳ್ಳು ಹೇಳೋಕೂ ಸ್ವಲ್ಪ ತಯಾರಿ ಮಾಡ್ಕೊಳ್ಳೇ. ಟೀಚರ್ ಬರೋಕೆ ಒಂದೇ ಷರತ್ತು ಹಾಕಿದಾರೆ. ಆ ವರ್ಷದ ಹಾಜರಿ ಪುಸ್ತಕ ಅವರ ಹತ್ರಾನೇ ಇದೆಯಂತೆ. ಅದನ್ನ ತಂದು ಹಾಜರಿ ಕೂಗ್ತಾರಂತೆ. ಮತ್ತೆ, ನಿನ್ನನ್ನೊಬ್ಬಳನ್ನೇ ವಿಚಾರಿಸಿದ್ದು. 'ಇಪ್ಪತ್ತಮೂರು ಬರ್ತಾಳಾ' ಅಂತ ಎರಡು ಸಲ ಕೇಳಿದ್ರು."

ಇಪ್ಪತ್ತಮೂರು ಎಂದರೆ ಗಿಣಿ. ಅದೇ ಬೆಂಚಿನಲ್ಲಿ, ಅವಳ ಎಡಗಡೆ ಕೂರುತ್ತಿದ್ದ ಇಪ್ಪತ್ತೆರಡು ಎಂದರೆ ಜೀರುಂಡೆ.

ಆ ಟೀಚರಿಗೆ ಎರಡು ಪದ್ಧತಿಗಳಿದ್ದವು. ಮೊದಲನೆಯದು, ಹಾಜರಿ ಕೂಗುವಾಗ ಹೆಸರು ಹಿಡಿಯುತ್ತಿರಲಿಲ್ಲ, ಸಂಖ್ಯೆ ಕೂಗುತ್ತಿದ್ದರು; ಪುಸ್ತಕದಿಂದ ತಲೆ ಎತ್ತುತ್ತಿರಲಿಲ್ಲ. ಉತ್ತರ ಬಂತೋ, ಪೆನ್ನು ಗೀಚಿತು, ಮುಂದಿನ ಸಂಖ್ಯೆ. ಮೂವತ್ತೆಂಟು ಮಕ್ಕಳ ಹಾಜರಿ ಎರಡು ನಿಮಿಷಕ್ಕೆ ಮುಗಿಯುತ್ತಿತ್ತು. ಎರಡನೆಯದು, ಯಾವ ಮಗುವೇ ಆಗಲಿ, ಸತತ ಮೂರು ದಿನ ಬಾರದಿದ್ದರೆ ಮೂರನೇ ದಿನ ಸಂಜೆ ಟೀಚರ್ ಸೀದಾ ಅವರ ಮನೆಗೆ ನಡೆದು ಹೋಗುತ್ತಿದ್ದರು. ಬಿಸಿಲಿರಲಿ, ಚಳಿಯಿರಲಿ, ಕಂದು ಬಣ್ಣದ ಕೈಚೀಲ ಹೆಗಲಿಗೆ ಹಾಕಿಕೊಂಡು ಹೊರಟರೆಂದರೆ ಹೊರಟರೇ.

ಈ ಎರಡನೇ ಪದ್ಧತಿಗೆ ಮಕ್ಕಳು ಗಡಗಡ ನಡುಗುತ್ತಿದ್ದರು. ಮನೆಯಲ್ಲಿ ಶಾಲೆಗೆಂದು ಹೇಳಿ ಶಾಲೆಯಲ್ಲಿ ಜ್ವರವೆಂದು ಹೇಳಿ ಕೆರೆಯಲ್ಲಿ ಈಜಾಡಿದವರ ಗುಟ್ಟೆಲ್ಲ ಮೂರನೇ ದಿನ ರಟ್ಟಾಗುತ್ತಿತ್ತು. ಹಾಗಾಗಿ ಅವರು ಮೊದಲನೇ ಪದ್ಧತಿಯನ್ನು ಹಿಡಿದು ಎರಡನೆಯದಕ್ಕೆ ಮದ್ದು ಕಂಡುಹಿಡಿದಿದ್ದರು. ಬಾರದವರ ಹಾಜರಿಯನ್ನು ಪಕ್ಕದಲ್ಲಿ ಕೂತವರು ಅವರದೇ ದನಿಯಲ್ಲಿ ಹೇಳಬೇಕು. ಹೇಳುವಾಗ ಉಳಿದವರು ಯಾರೂ ಆ ಕಡೆ ತಿರುಗಬಾರದು, ತಲೆ ತಗ್ಗಿಸಿ ಪುಸ್ತಕ ನೋಡಬೇಕು. ಒಬ್ಬ ತಿರುಗಿದರೆ ಹತ್ತು ಜನ ತಿರುಗುತ್ತಾರೆ, ಹತ್ತು ಜನ ತಿರುಗಿದರೆ ಟೀಚರ್ ತಲೆ ಎತ್ತುತ್ತಾರೆ. ತಿರುಗಿ ನೋಡಿದವರ ಜೊತೆ ಒಂದು ವಾರ ಟೂ ಬಿಡುತ್ತಿದ್ದರು. ದೊಡ್ಡವರು ಮಾಡಿದ ಯಾವ ಕಾಯಿದೆಯನ್ನೂ ಆ ತರಗತಿ ಅಷ್ಟು ಕಟ್ಟುನಿಟ್ಟಾಗಿ ಪಾಲಿಸಲಿಲ್ಲ.

ಮೂವತ್ತೆಂಟು ಜನರಲ್ಲಿ ಇಪ್ಪತ್ತೆರಡರ ದನಿಯೇ ಕಷ್ಟದ್ದು. ಜೀರುಂಡೆ ಮೂಳೆ ಚಕ್ಕಳದ ಹುಡುಗಿ. ಅವಳ ಮಾತು ಬಾಯಿಂದ ಬರುವಂತೆಯೇ ಇರಲಿಲ್ಲ, ಎಲ್ಲೋ ಬಾಗಿಲ ಹಿಂದಿನಿಂದ ಬರುವಂತಿತ್ತು. ಅವಳ ತಾಯಿ ಊರವರ ಬಟ್ಟೆ ಇಸ್ತ್ರಿ ಮಾಡುವವಳು. ಒಂದೇ ಕೋಣೆ, ಅದರಲ್ಲೇ ಇಸ್ತ್ರಿ ಮೇಜು, ಅದರ ಕೆಳಗೇ ಜೀರುಂಡೆಯ ಹಾಸಿಗೆ. ಅವಳ ಯೂನಿಫಾರಂ ಹಳೆಯದಾದರೂ ಗೆರೆ ಮುರಿದಿರುತ್ತಿರಲಿಲ್ಲ, ಪಕ್ಕದಲ್ಲಿ ಕೂತರೆ ಬಿಸಿ ಬಟ್ಟೆಯ ವಾಸನೆ ಬರುತ್ತಿತ್ತು. ಒಂದು ಶನಿವಾರ ಶಾಲೆ ಬಿಟ್ಟಾಗ ಅವಳು ಗಿಣಿಯ ಕೈ ಹಿಡಿದು ಹೇಳಿದ್ದಳು.

"ಟೀಚರ್ ನಮ್ಮನೆಗೆ ಮಾತ್ರ ಬರಬಾರದು ಕಣೇ. ಕೂರ್ಸೋಕೆ ಒಂದು ಕುರ್ಚಿನೂ ಇಲ್ಲ. ನಾನೇನಾದ್ರೂ ಬರದೇ ಇದ್ರೆ ನೀನು ಹೇಳ್ತೀಯ ಅಲ್ವಾ?"

"ನಿನ್ನ ದನಿ ತಾನೇ? ನಿಮ್ಮಮ್ಮನಿಗೇ ಗೊತ್ತಾಗಬಾರದು, ಹಾಗೆ ಹೇಳ್ತೀನಿ," ಎಂದು ಗಿಣಿ ಜಂಬ ಕೊಚ್ಚಿಕೊಂಡಳು.

ಸೋಮವಾರ ಜೀರುಂಡೆ ಬರಲಿಲ್ಲ. ಗಿಣಿ ಕೊಟ್ಟ ಮಾತು ಉಳಿಸಿಕೊಂಡಳು. ಸೋಮವಾರದಿಂದ ಶನಿವಾರದವರೆಗೆ ಆರು ದಿನ, ಇಪ್ಪತ್ತೆರಡು ಎಂದಾಗ ಗಂಟಲು ಬಿಗಿದು ಜೀರುಂಡೆಯಾದಳು, ಇಪ್ಪತ್ತಮೂರು ಎಂದಾಗ ಗಂಟಲು ಸಡಿಲಿಸಿ ತಾನಾದಳು. ಮೂರನೇ ದಿನದ ಸಂಜೆ ಟೀಚರ್ ಎಲ್ಲಿಗೂ ಹೊರಡಲಿಲ್ಲ. ಮುಂದಿನ ಸೋಮವಾರ ಗಿಣಿಗೇ ಮೈ ತುಂಬ ಕೆಂಪು ಗುಳ್ಳೆ ಎದ್ದು ಕಣ್ಣು ಉರಿಯತೊಡಗಿತು. ದಡಾರ. ಐದು ದಿನ ಕಿಟಕಿ ಮುಚ್ಚಿದ ಕೋಣೆಯಲ್ಲಿ ಮಲಗಿದ್ದಳು. ಶನಿವಾರ, ಇನ್ನೂ ಸುಸ್ತಿರುವಾಗಲೇ, ಶಾಲೆಗೆ ಬಂದಳು. ಪಕ್ಕದ ಜಾಗ ಖಾಲಿಯೇ ಇತ್ತು. ಟೀಚರ್ ಇಪ್ಪತ್ತೆರಡು ಎಂದರು, ಇವಳು ಅಭ್ಯಾಸದಂತೆ ಹೇಳಿದಳು.

ಅಂದು ಮಧ್ಯಾಹ್ನ ಜೀರುಂಡೆಯ ತಾಯಿ ಬಾಗಿಲಲ್ಲಿ ನಿಂತಳು. ಕೈಯಲ್ಲಿ ಕಾಗದ ಸುತ್ತಿದ ಶಾಲೆಯ ಲೈಬ್ರರಿ ಪುಸ್ತಕ.

"ಇದನ್ನ ವಾಪಸ್ ಕೊಟ್ಟು ಹೋಗೋಣ ಅಂತ ಬಂದೆ ಟೀಚರ್. ಹೋದ ಭಾನುವಾರ ಹೋಗ್ಬಿಟ್ಲು. ದಡಾರ ಎದೆಗೆ ಇಳೀತು ಅಂದ್ರು. ಮೂರನೇ ದಿನ ನೀವು ಬರ್ತೀರಿ, ನಿಮಗೆ ಎಲ್ಲಾ ಗೊತ್ತಿರುತ್ತೆ, ನೀವೇ ಆಸ್ಪತ್ರೆಗೆ ಕರ್ಕೊಂಡು ಹೋಗ್ತೀರಿ ಅಂತ ಬಾಗಿಲು ನೋಡ್ತಾನೇ ಇದ್ಲು. ಅಕ್ಕಪಕ್ಕದವರ ಹತ್ರ ಕೇಳಿ ಒಂದು ಕುರ್ಚಿನೂ ತರಿಸಿಟ್ಟಿದ್ಲು."

ಟೀಚರ್ ಕುರ್ಚಿಯಿಂದ ಎದ್ದರು. "ಏನು ಹೇಳ್ತಿದೀಯಮ್ಮ? ಇವತ್ತು ಬೆಳಿಗ್ಗೆ ಹಾಜರ್ ಅಂದಳಲ್ಲ! ನಾನೇ ಕೇಳಿದೆ, ಈ ಕಿವಿಯಾರೆ."

ಮೂವತ್ತಾರು ತಲೆಗಳು ತಗ್ಗಿದವು. ಮೂವತ್ತೇಳನೆಯದು ಗಿಣಿಯದು, ಅದೂ ತಗ್ಗಿತು. ಬಾಯಿಗೆ ಬೀಗ ಬಿದ್ದದ್ದು ಬಿದ್ದೇ ಹೋಯಿತು.

ಈ ಮೂವತ್ತೈದು ವರ್ಷ ಗಿಣಿ ಒಂದು ಹುಲ್ಲುಕಡ್ಡಿ ಹಿಡಿದುಕೊಂಡು ಬದುಕಿದ್ದಳು. ತಾನು ಮಲಗಿದ್ದ ಆ ಐದು ದಿನ ಜೀರುಂಡೆಯ ಹಾಜರಿಯನ್ನು ಬೇರೆ ಯಾರೋ ಹೇಳಿದ್ದರು. ಹೇಳದಿದ್ದರೆ ಟೀಚರ್ ಆ ವಾರವಾದರೂ ಹೋಗಿರುತ್ತಿದ್ದರು. ಆ ಭಾನುವಾರಕ್ಕೆ ಮೊದಲೇ ಯಾರಾದರೂ ಹೋಗಿದ್ದರೆ ಎಂದು ಲೆಕ್ಕ ಹಾಕಿದರೆ ತಪ್ಪೆಲ್ಲ ತನ್ನ ಆರು ದಿನದ್ದೇ, ಅದು ಅವಳಿಗೂ ಗೊತ್ತಿತ್ತು. ಆದರೂ ತಪ್ಪಿನಲ್ಲಿ ಜೊತೆಗಾರರೊಬ್ಬರು ಇದ್ದಾರೆ ಅನ್ನುವುದು ಸಣ್ಣ ಮಾತಲ್ಲ. ಅವರು ಸಿಕ್ಕರೆ ಇಬ್ಬರೂ ಸೇರಿ ಟೀಚರ ಕಾಲು ಹಿಡಿದು ನಿಜ ಹೇಳಿಬಿಡಬಹುದು. ಒಬ್ಬಳೇ ಹೇಳುವ ಧೈರ್ಯ ಅವಳಿಗೆ ಎಂದೂ ಬಂದಿರಲಿಲ್ಲ. ಹೇಳದೆ ಸಾಯುವುದೂ ಅವಳಿಗೆ ಬೇಡವಾಗಿತ್ತು, ಟೀಚರಿಗೆ ಆಗಲೇ ಎಪ್ಪತ್ತೇಳು.

ಭಾನುವಾರ ಹನ್ನೊಂದಕ್ಕೆ ಅರ್ಧ ಗಂಟೆ ಮೊದಲೇ ಹೋದಳು. ಬಿಸಿಲು ಚೆನ್ನಾಗಿ ಬಿದ್ದಿತ್ತು. ಕೋಣೆಗೆ ಹೊಸ ಬಣ್ಣ ಬಳಿದಿದ್ದರು, ಬೆಂಚುಗಳು ಮಾತ್ರ ಅವೇ. ದಪ್ಪಗಾದ ದೊಡ್ಡವರೆಲ್ಲ ಆ ಸಣ್ಣ ಬೆಂಚುಗಳಲ್ಲಿ ತೂರಿಕೊಂಡು, ಮೊಣಕಾಲು ಎಲ್ಲಿಡುವುದೆಂದು ತಿಳಿಯದೆ, ಕಿಸಕಿಸ ನಗುತ್ತಿದ್ದರು. ಇಪ್ಪತ್ತೇಳು ಜನ ಬಂದಿದ್ದರು. ಯಾರೂ ಹೇಳದಿದ್ದರೂ ಎಲ್ಲರೂ ತಮ್ಮ ತಮ್ಮ ಹಳೇ ಜಾಗವನ್ನೇ ಹಿಡಿದಿದ್ದರು. ಗಿಣಿ ಮೂರನೇ ಸಾಲಿನ ಬೆಂಚಿನಲ್ಲಿ ಬಲಗಡೆ ಕೂತಳು. ತಡವಾಗಿ ಬಂದ, ಈಗ ಬಸ್ ಡ್ರೈವರ್ ಆಗಿರುವ ಸಹಪಾಠಿಯೊಬ್ಬ ಅವಳ ಎಡಗಡೆ ಕೂರಲು ಬಂದವನು, ಬೆಂಚನ್ನೊಮ್ಮೆ ನೋಡಿ, "ಇಲ್ಲಿ ಬೇಡ ಬಿಡು," ಎಂದು ಹೋಗಿ ಗೋಡೆಗೆ ಒರಗಿ ನಿಂತ.

ಹಿಂದಿನ ಬೆಂಚಿನಲ್ಲಿ ಸೂಜಿ ಇದ್ದಳು. ಆಗ ಎಲ್ಲರನ್ನೂ ಚುಚ್ಚಿ ಮಾತಾಡುತ್ತಿದ್ದಳೆಂದು ಇಟ್ಟ ಹೆಸರು. ಆಮೇಲೆ ಟೈಲರ್ ಅಂಗಡಿಯನ್ನೇ ಇಟ್ಟು ಹೆಸರನ್ನು ಗಟ್ಟಿ ಮಾಡಿಕೊಂಡಿದ್ದಳು. ಅವಳು ಇಪ್ಪತ್ತನಾಲ್ಕು. ಗಿಣಿ ತಿರುಗಿ ಕೂತು, ಮಾನಿಟರನನ್ನೂ ಕೈಬೀಸಿ ಕರೆದು, ಪಿಸುದನಿಯಲ್ಲಿ ಕೇಳಿದಳು.

"ನಿಜ ಹೇಳಿ. ನಾನು ದಡಾರ ಬಂದು ಮಲಗಿದ್ದ ವಾರ, ಇಪ್ಪತ್ತೆರಡಕ್ಕೆ ಹಾಜರಿ ಹೇಳಿದ್ದು ಯಾರು? ನಿಮ್ಮಲ್ಲೇ ಒಬ್ರು. ನಾನೇನೂ ಜಗಳ ತೆಗಿಯಲ್ಲ."

ಮಾನಿಟರ್ ಹುಬ್ಬು ಗಂಟಿಕ್ಕಿದ. "ನೀನು ಯಾವಾಗೇ ಮಲಗಿದ್ದೆ?"

"ಎರಡನೇ ವಾರ. ಐದು ದಿನ."

"ಇಲ್ಲ ಕಣೇ. ನೀನು ರಜಾನೇ ಹಾಕಿಲ್ಲ. ನಾನು ಮಾನಿಟರ್, ನನಗೆ ಗೊತ್ತಿಲ್ವಾ? ದಿನಾ ಇಪ್ಪತ್ತೆರಡೂ ಬಂತು, ಇಪ್ಪತ್ತಮೂರೂ ಬಂತು. ಎರಡೂ ನೀನೇ ಹೇಳ್ದೆ."

"ನೋಡಿದ್ಯಾ ನನ್ನನ್ನ?"

"ನೋಡೋ ಹಾಗಿರ್ಲಿಲ್ವಲ್ಲ," ಎಂದ ಮಾನಿಟರ್. "ತಲೆ ತಗ್ಗಿಸಿದ್ವಿ."

ಸೂಜಿ ಚುಚ್ಚುವ ಮಾತು ಯಾವುದನ್ನೂ ಆಡಲಿಲ್ಲ. ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತ, "ನಾನು ನಿನ್ನ ಹಿಂದೇನೇ ಇದ್ದೆ," ಎಂದಳು. "ಆ ವಾರ ಎರಡು ದನಿನೂ ಕೇಳಿಸ್ತು. ಆದ್ರೆ ಎರಡೂ ಎಡಗಡೆಯಿಂದಾನೇ ಬರ್ತಿತ್ತು. ಗಿಣಿ ಯಾಕೆ ಜಾಗ ಬದಲಾಯಿಸಿದಾಳೆ ಅಂತ ಅಂದ್ಕೊಂಡೆ. ತಲೆ ಎತ್ತಿ ನೋಡ್ಲಿಲ್ಲ. ಯಾರು ಟೂ ಬಿಡಿಸ್ಕೊಳ್ತಾರೆ?"

ಅಷ್ಟರಲ್ಲಿ ಎಲ್ಲರೂ ಎದ್ದು ನಿಂತರು. ಟೀಚರ್ ಬಂದಿದ್ದರು.

ಕುಗ್ಗಿಹೋಗಿದ್ದರು, ಹೆಗಲಿನ ಮೇಲೆ ಅದೇ ಕಂದು ಚೀಲ ಎರಡು ಕಡೆ ಹೊಲಿಗೆ ಹಾಕಿಸಿಕೊಂಡು ಕೂತಿತ್ತು. ಮೇಜಿನ ಹಿಂದೆ ಕೂತು, ಚೀಲದಿಂದ ರಟ್ಟು ಸವೆದ ಹಾಜರಿ ಪುಸ್ತಕ ತೆಗೆದಿಟ್ಟು, "ಮೊದಲು ನಿಮ್ಮ ಮಾತು ಆಗಲಿ," ಎಂದರು.

ಮಾತುಗಳು ಆದವು. ಇಂಥ ಕಡೆ ಸುಳ್ಳು ಹೇಳುವುದು ಸುಲಭ, ಆದರೆ ಅಂದು ಯಾರೂ ಸುಳ್ಳು ಹೇಳಲಿಲ್ಲ. ಬಸ್ ಡ್ರೈವರ್, ತನಗೆ ಓದು ತಲೆಗೆ ಹತ್ತಲಿಲ್ಲವೆಂದೂ, ಹತ್ತದವನನ್ನೂ ಮೊದಲ ಬೆಂಚಿನಲ್ಲಿ ಕೂರಿಸಿಕೊಂಡವರು ಇವರೊಬ್ಬರೇ ಎಂದೂ ಹೇಳಿ, ಕಣ್ಣೊರೆಸಿಕೊಂಡ. ಸೂಜಿ, ಗಂಡನೂ ಸೇರಿದಂತೆ ಎಲ್ಲರೂ ತನ್ನ ನಾಲಿಗೆಗೆ ಹೆದರುವವರೇ, ಹೆದರದವರು ಟೀಚರ್ ಒಬ್ಬರೇ ಎಂದು ಎಲ್ಲರನ್ನೂ ನಗಿಸಿದಳು. ಮಾನಿಟರ್ ತನ್ನ ಪ್ಯಾಂಟಿನ ಎಡಗಾಲನ್ನು ಮೊಣಕಾಲಿನವರೆಗೆ ಮಡಚಿ ತೋರಿಸಿದ.

"ಈ ಕಾಲು ಟೀಚರದು. ಮುಳ್ಳು ಚುಚ್ಚಿ ಕೀವಾಗಿತ್ತು. ಮನೇಲಿ ಸೊಪ್ಪು ಅರೆದು ಕಟ್ಟಿದ್ರು. ಮೂರನೇ ದಿನ ಟೀಚರ್ ಬಂದ್ರು, ನೋಡಿದ್ರು, ಒಂದು ಮಾತೂ ಆಡದೆ ನನ್ನನ್ನ ಎತ್ಕೊಂಡು ಆಸ್ಪತ್ರೆಗೆ ನಡೆದ್ರು. ಇನ್ನೆರಡು ದಿನ ಬಿಟ್ಟಿದ್ರೆ ಕಾಲೇ ಇರ್ತಿರ್ಲಿಲ್ಲ ಅಂದ್ರಂತೆ ಡಾಕ್ಟ್ರು."

ಎಲ್ಲರೂ ಚಪ್ಪಾಳೆ ತಟ್ಟಿದರು. ಗಿಣಿ ತಟ್ಟಲಿಲ್ಲ. ಆ ಕಾಲು ನೋಡುತ್ತಿದ್ದಂತೆ ಅವಳಿಗೆ ಇಸ್ತ್ರಿ ಮೇಜಿನ ಕೆಳಗಿನ ಹಾಸಿಗೆ ಕಂಡಿತು, ಎರವಲು ತಂದ ಕುರ್ಚಿ ಕಂಡಿತು. ತನ್ನ ಸರದಿ ಬಂದಾಗ ಎದ್ದು, "ಈ ಶಾಲೆ ನನಗೆ ದನಿ ಕೊಟ್ಟಿತು," ಎಂದಷ್ಟೇ ಹೇಳಿ ಕೂತುಬಿಟ್ಟಳು. ಬರೆದುಕೊಂಡು ಬಂದದ್ದು ಎರಡು ಪುಟ ಇತ್ತು. ಕೂರುವಾಗ ಅವಳ ಎಡಗೈ ಬೆಂಚಿನ ಖಾಲಿ ಜಾಗಕ್ಕೆ ತಾಗಿತು. ಮರ ಬೆಚ್ಚಗಿತ್ತು, ಯಾರೋ ಈಗಷ್ಟೇ ಎದ್ದು ಹೋದ ಹಾಗೆ.

ಟೀಚರ್ ಕನ್ನಡಕ ಒರೆಸಿಕೊಂಡರು.

"ನೀವೆಲ್ಲ ನನಗೆ ಥ್ಯಾಂಕ್ಸ್ ಹೇಳಿದ್ರಿ. ನಾನೂ ಒಬ್ಬಳಿಗೆ ಹೇಳ್ಬೇಕು, ಇಪ್ಪತ್ತೆರಡಕ್ಕೆ. ಅವಳು ಹೋದ ಮೇಲೂ ಹಾಜರ್ ಅಂದಳು ಅಂತ ನಾನು ಹೇಳಿದ್ದಕ್ಕೆ ಇಡೀ ಶಾಲೆ ನನಗೆ ತಲೆ ಕೆಟ್ಟಿದೆ ಅಂತು. ಆದ್ರೆ ಅವಳ ಅಮ್ಮ ನನ್ನ ಕೈ ಹಿಡ್ಕೊಂಡು, 'ಹಾಗಾದ್ರೆ ಅವಳು ಸ್ಕೂಲಿಗೆ ಬಂದಿದ್ಲಾ ಟೀಚರ್' ಅಂದ್ಲು. ಹೂಂ ಅಂದೆ. ಆ ಒಂದು ಮಾತಿನ ಮೇಲೆ ಆ ಹೆಂಗಸು ಬದುಕಿದ್ಲು. ವರ್ಷಕ್ಕೊಂದು ಸಲ ಬಂದು ಕೇಳೋಳು, ಹೇಗೆ ಹೇಳಿದ್ಲು, ಜೋರಾಗಿ ಹೇಳಿದ್ಲಾ, ಮೆತ್ತಗೆ ಹೇಳಿದ್ಲಾ ಅಂತ. ಹೋದ ವರ್ಷ ಅವಳೂ ಹೋದ್ಲು."

ಟೀಚರ್ ಕನ್ನಡಕ ಮತ್ತೆ ಹಾಕಿಕೊಂಡರು.

"ಈಗ ನಿಜ ಕೇಳಿದ್ರೆ ಯಾರಿಗೂ ನೋವಾಗಲ್ಲ. ನಾನು ಆ ಹನ್ನೆರಡು ದಿನದಲ್ಲಿ ಒಂದೇ ಒಂದು ಸಲ ತಲೆ ಎತ್ತಿ ನೋಡಿದ್ದಿದ್ರೆ, ಮೂರನೇ ದಿನ ಅವರ ಮನೇಲಿರ್ತಿದ್ದೆ. ಎತ್ತಲಿಲ್ಲ. ಅದು ನನ್ನ ತಪ್ಪು, ಬೇರೆ ಯಾರದೂ ಅಲ್ಲ. ಇವತ್ತು ಎತ್ತಿ ನೋಡ್ತೀನಿ."

ಪುಸ್ತಕದ ಕೊನೆಯ ಖಾಲಿ ಪುಟ ತೆಗೆದು, ಪೆನ್ನು ಹಿಡಿದು, ಶುರು ಮಾಡಿದರು. "ಒಂದು." ತಲೆ ಎತ್ತಿದರು. "ಹಾಜರ್ ಟೀಚರ್." ನೋಡಿ, ನಕ್ಕು, ಗುರುತು ಹಾಕಿದರು. "ಎರಡು." ಬಾರದವರ ಸಂಖ್ಯೆ ಬಂದಾಗ ಮಾನಿಟರ್ "ಗೈರು ಟೀಚರ್" ಎನ್ನುತ್ತಿದ್ದ. ಸಂಖ್ಯೆಗಳು ಹತ್ತಿರ ಬಂದ ಹಾಗೆಲ್ಲ ಗಿಣಿಯ ಗಂಟಲು ತಾನಾಗಿಯೇ ಬಿಗಿಯತೊಡಗಿತು. ಮೂವತ್ತೈದು ವರ್ಷದ ಕೆಳಗೆ ಕಲಿತ ವಿದ್ಯೆ, ಕೂಗಿದ ಕೂಡಲೇ ಓಡಿ ಬರಲು ಕಾದು ನಿಂತಿತ್ತು. ಒಂದು ಸಲ ಹೇಳಿಬಿಟ್ಟರೆ ಟೀಚರಿಗೆ ಎಂಥ ಸಂತೋಷ! ಅವರು ತಮ್ಮ ನಂಬಿಕೆಯನ್ನು ಹಾಗೇ ಹೊತ್ತುಕೊಂಡು ನೆಮ್ಮದಿಯಾಗಿ ಹೋಗಬಹುದು, ಇವಳ ಗುಟ್ಟೂ ಗುಟ್ಟಾಗಿಯೇ ಉಳಿಯುತ್ತದೆ.

"ಇಪ್ಪತ್ತೆರಡು."

ಟೀಚರ್ ತಲೆ ಎತ್ತಿದರು. ಈ ಸಲ ಮಾನಿಟರ್ ಏನೂ ಹೇಳಲಿಲ್ಲ. ಬಿಸಿ ಬಟ್ಟೆಯ ವಾಸನೆ ಗಿಣಿಯ ಮೂಗಿಗೆ ರಪ್ಪನೆ ಬಡಿಯಿತು. ಅವಳು ಹಲ್ಲು ಕಚ್ಚಿ ಗಂಟಲನ್ನು ತಡೆದು, ಬೆಂಚಿನ ಅಂಚು ಹಿಡಿದು ಎದ್ದು ನಿಂತಳು.

"ಗೈರು, ಟೀಚರ್," ಎಂದಳು. "ಅವತ್ತೂ ಗೈರು. ನಾನೇ ಹೇಳ್ತಿದ್ದೆ. ಮೊದಲನೇ ವಾರ ಆರು ದಿನ, ಆಮೇಲೆ ಆ ಶನಿವಾರ. ಅವಳ ದನಿಯಲ್ಲಿ. ಅವಳು ನಿಮ್ಮನ್ನ ಕಾಯ್ತಾ ಇದ್ಲು, ನೀವು ಹೋಗದ ಹಾಗೆ ಮಾಡಿದ್ದು ನಾನು."

ಹೇಳಿ ಮುಗಿಸುವಷ್ಟರಲ್ಲಿ ಅವಳ ಮುಖವೆಲ್ಲ ಒದ್ದೆಯಾಗಿತ್ತು. ಟೀಚರ್ ಬೈಯಲಿಲ್ಲ, ಅಯ್ಯೋ ಎನ್ನಲಿಲ್ಲ. ಇಪ್ಪತ್ತೆರಡರ ಮುಂದೆ ಗೈರಿನ ಗುರುತು ಹಾಕಿದರು. ಪುಸ್ತಕವನ್ನು ಹಿಂದಕ್ಕೆ ಮಗುಚಿ, ಹಳದಿ ತಿರುಗಿದ ಪುಟವೊಂದರ ಮೇಲೆ ಬೆರಳಿಟ್ಟರು.

"ನಡುವಿನ ಐದು ದಿನ?"

"ನಾನಲ್ಲ ಟೀಚರ್. ನಾನು ಶಾಲೆಗೇ ಬಂದಿರ್ಲಿಲ್ಲ. ಅಮ್ಮನಾಣೆ. ದಡಾರ ಬಂದು ಮನೇಲಿ ಮಲಗಿದ್ದೆ."

"ಇಪ್ಪತ್ತಮೂರೂ ಹಾಜರಿದೆಯಲ್ಲ ಮಗಳೇ. ಐದು ದಿನವೂ."

ಟೀಚರ್ ಒಬ್ಬೊಬ್ಬರ ಮುಖವನ್ನೂ ನೋಡುತ್ತ ಹೋದರು. ಯಾರೂ ಏಳಲಿಲ್ಲ. ಗಿಣಿಯ ಜೊತೆಗಾರರು ಆ ಕೋಣೆಯಲ್ಲಿ ಇರಲಿಲ್ಲ, ಅಥವಾ ಏಳುವಂಥವರಾಗಿರಲಿಲ್ಲ. ಟೀಚರ್ ಮತ್ತೆ ಕೊನೆಯ ಪುಟಕ್ಕೆ ಬಂದರು.

"ಇಪ್ಪತ್ತಮೂರು."

ಗಿಣಿ ಬಾಯಿ ತೆರೆದಳು. ಅಳು ಉಮ್ಮಳಿಸಿ ಗಂಟಲು ಕಟ್ಟಿಕೊಂಡಿತು, ದನಿ ಹೊರಡಲಿಲ್ಲ. ಎಲ್ಲರ ದನಿಯನ್ನೂ ಹೊರಡಿಸುವ ಗಂಟಲು, ಸ್ವಂತದ್ದೊಂದನ್ನು ಹೊರಡಿಸಲಾರದೆ ಹೋಯಿತು. ಮತ್ತೊಮ್ಮೆ ಪ್ರಯತ್ನಿಸಿದಳು. ಬರೀ ಗಾಳಿ.

ಆಗ ಅವಳ ಎಡಗಡೆಯಿಂದ, ಖಾಲಿ ಜಾಗದಿಂದ, ಸ್ಪಷ್ಟವಾಗಿ ಬಂತು: "ಹಾಜರ್ ಟೀಚರ್."

ಅದು ಜೀರುಂಡೆಯ ದನಿಯಲ್ಲ. ಗಟ್ಟಿಯಾದ, ಸ್ವಲ್ಪ ಜಂಬದ, ಹನ್ನೊಂದು ವರ್ಷದ ಹುಡುಗಿಯ ದನಿ. ಅದನ್ನು ಅವಳು ಎಷ್ಟು ವರ್ಷ ಹುಡುಕಿದ್ದಳು! ಕೇಳಿದ ಕ್ಷಣವೇ ಗುರುತು ಹಿಡಿದಳು. ಅದು ಅವಳದೇ.

ಇಪ್ಪತ್ತಾರು ತಲೆಗಳು ಒಟ್ಟಿಗೆ ತಗ್ಗಿದವು. ಔಷಧಿ ಅಂಗಡಿಯವನು, ಟೈಲರು, ನೂರು ಜನರನ್ನು ಹೊತ್ತು ಘಟ್ಟ ಇಳಿಸುವ ಡ್ರೈವರು, ಒಬ್ಬರೂ ತಿರುಗಿ ನೋಡಲಿಲ್ಲ. ಇಲ್ಲದ ಪುಸ್ತಕಗಳನ್ನು ಓದುವವರಂತೆ ಡೆಸ್ಕನ್ನೋ ನೆಲವನ್ನೋ ದಿಟ್ಟಿಸಿದರು. ಗಿಣಿಯೂ ಎಡಕ್ಕೆ ತಿರುಗಲಿಲ್ಲ. ಹೆದರಿಕೆಯ ಒಳಗೇ ಅವಳಿಗೆ ಬಿಕ್ಕಿ ಬಿಕ್ಕಿ ಅಳುವಷ್ಟು ಸಂತೋಷವಾಗಿತ್ತು. ತಾನು ಜ್ವರದಲ್ಲಿ ಮಲಗಿದ್ದಾಗ ಜೀರುಂಡೆ ತನ್ನನ್ನು ಗೈರಾಗಲು ಬಿಟ್ಟಿರಲಿಲ್ಲ.

ತಲೆ ಎತ್ತಿ ನೋಡಿದವರು ಟೀಚರ್ ಒಬ್ಬರೇ. ಅವರ ಕಣ್ಣು ಗಿಣಿಯ ಮುಖದ ಮೇಲಿರಲಿಲ್ಲ, ಅವಳ ಎಡಕ್ಕೆ, ಒಂದಿಷ್ಟು ಕೆಳಗೆ, ನಿಂತ ಮಗುವಿನ ಮುಖ ಎಲ್ಲಿರಬೇಕೋ ಅಲ್ಲಿತ್ತು. ಗುರುತು ಹಾಕಲು ಪೆನ್ನು ಕಾಗದಕ್ಕೆ ತಾಗಿಸಿದರೂ ಕಣ್ಣು ಕೀಳಲಿಲ್ಲ.

"ಕೂತ್ಕೊಳ್ಳಿ," ಎಂದರು ಟೀಚರ್ ಮೆತ್ತಗೆ, "ಇಬ್ಬರೂ."

ಗಿಣಿ ಕೂತಳು. ಕೂರುವಾಗ ಹಿಂದಿನಂತೆಯೇ ಒಂದಿಷ್ಟು ಬಲಕ್ಕೆ ಸರಿದು ಜಾಗ ಬಿಟ್ಟಳು.

"ಇಪ್ಪತ್ತನಾಲ್ಕು," ಎಂದರು ಟೀಚರ್.